ನಟ್ಟು ಸೈಲೆನ್ಸರಿನಿಂದ ಹೊರಬೀಳುತ್ತದೆಯೇ? – ಓದುಗರ ಯಂತ್ರ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಡೀಸೆಲ್ ಎಂಜಿನ್ನಿನ ಸಿಲಿಂಡರಿನೊಳಗೆ ಬೇಡದ ವಸ್ತು ಸೇರಿಕೊಂಡ ಪ್ರಸಂಗಗಳೇ ಹೆಚ್ಚಾಗಿದ್ದುದರಿಂದ ಅವುಗಳನ್ನು ಒಟ್ಟಿಗೇ ಉತ್ತರಿಸಲಾಗಿದೆ. ಪತ್ರ ಬರೆದವರ ಹೆಸರನ್ನು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ತುಂಗಾ ತೀರದ ನಮ್ಮ ಅಡಿಕೆ ತೋಟಕ್ಕೆ ನೀರು ಹಾಯಿಸಲು 5 ಎಚ್.ಪಿ.ಯ, ಒಂದೇ ಸಿಲಿಂಡರಿನ, ನೀರಿನಿಂದ ತಣಿಯುವ ಡೀಸೆಲ್ ಪಂಪ್‌ಸೆಟ್ ಇದೆ. ಬೇಸಿಗೆಯಲ್ಲಿ ಕರೆಂಟು ಕೈಕೊಟ್ಟಾಗ ಅದೇ ಗತಿ. ಏರ್ ಫಿಲ್ಟರ್ ಬಿಚ್ಚಿ ತೊಳೆದು ಮತ್ತೆ ಕೂರಿಸುವಾಗ ಹತ್ತನೇ ನಂಬರ್ ಸ್ಪ್ಯಾನರಿನ ನಟ್ಟೊಂದು ಕಡಿಮೆ ಇತ್ತು. ಎಲ್ಲೋ ಬಿದ್ದಿರಬೇಕೆಂದು ಬೇರೆ ನಟ್ಟು ಹಾಕಿ ಹ್ಯಾಂಡಲ್ ಹೊಡೆದಾಗ ಒಳಗೆ ‘ಟಕ್’ ಎಂದು ಚಕ್ರ ತಡೆದು ನಿಂತಿತು. ಅಲ್ಲಿಗೇ ಬಿಟ್ಟೆವು. ಒಬ್ಬ ಮೆಕ್ಯಾನಿಕ್ ‘ಚಾಲೂ ಮಾಡಿ, ಸೈಲೆನ್ಸರಿನಿಂದ ತಾನಾಗಿ ಹೊರಗೆ ಬೀಳುತ್ತದೆ’ ಎನ್ನುತ್ತಾರೆ. ಇನ್ನೊಬ್ಬರು ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಇಳಿಸದೆ ಬೇರೆ ದಾರಿಯೇ ಇಲ್ಲ ಎನ್ನುತ್ತಾರೆ. ಯಾರ ಮಾತನ್ನು ಕೇಳಬೇಕು? (ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ಎರಡನೆಯವರ ಮಾತನ್ನು ಕೇಳಿ, ಅದಕ್ಕೂ ಮೊದಲು ಇನ್ನೊಮ್ಮೆ ಹ್ಯಾಂಡಲ್ ಹೊಡೆಯಬೇಡಿ. ಸೈಲೆನ್ಸರಿನಿಂದ ಹೊರಬೀಳುತ್ತದೆ ಎಂಬ ಮಾತು ಏಕೆ ನಿಲ್ಲುವುದಿಲ್ಲ ಎಂಬುದು ಎಂಜಿನ್ ನಡೆಯುವ ಕ್ರಮವನ್ನು ನೋಡಿದರೆ ತಿಳಿಯುತ್ತದೆ. ಪಿಸ್ಟನ್ ಕೆಳಗಿಳಿಯುತ್ತ ಗಾಳಿಯನ್ನು ಎಳೆದುಕೊಳ್ಳುವಾಗ, ಇನ್‌ಲೆಟ್ ವಾಲ್ವ್ ತೆರೆದಿರುವ ಹೊತ್ತಿನಲ್ಲಿ ನಟ್ಟು ಒಳಗೆ ಹೋಗುತ್ತದೆ. ಅದಾದ ಮೇಲೆ ಎರಡೂ ವಾಲ್ವ್‌ಗಳು ಮುಚ್ಚಿಕೊಂಡು ಪಿಸ್ಟನ್ ಮೇಲೇರಿ ಗಾಳಿಯನ್ನು ಒತ್ತುತ್ತದೆ, ಡೀಸೆಲ್ ಉರಿದು ಪಿಸ್ಟನ್ನನ್ನು ಕೆಳಗೆ ತಳ್ಳುತ್ತದೆ, ಆ ಇಳಿತ ಮುಗಿಯುತ್ತ ಬಂದಾಗಲಷ್ಟೇ ಎಕ್ಸಾಸ್ಟ್ ವಾಲ್ವ್ ತೆರೆಯುತ್ತದೆ. ಹೊರಗಿನ ಬಾಗಿಲು ತೆರೆಯುವ ಮೊದಲೇ ಒಮ್ಮೆ ಪಿಸ್ಟನ್ ತುತ್ತತುದಿಗೆ ಬಂದುಹೋಗಿರುತ್ತದೆ. ನಟ್ಟು ಮೊದಲು ಜಜ್ಜಿಸಿಕೊಂಡು, ಉಳಿದರೆ ಆಮೇಲೆ ಹೊರಗೆ ಹೋಗಬೇಕು. ಬೈಕಿನ ಎಂಜಿನ್ನಿನಲ್ಲಿ ಮಸಿಯ ಪಕಳೆ ಸೈಲೆನ್ಸರಿನಿಂದ ಹಾರಿಹೋದದ್ದನ್ನು ಕಂಡವರು ಉಕ್ಕಿನ ನಟ್ಟಿಗೂ ಅದೇ ನ್ಯಾಯ ಹೇಳುತ್ತಾರೆ. ಡೀಸೆಲ್ ಎಂಜಿನ್ನಿನೊಳಗೆ ಅಷ್ಟು ಜಾಗವೇ ಇಲ್ಲ.

ಎಷ್ಟು ಜಾಗವಿದೆ ಎಂಬುದನ್ನು ಲೆಕ್ಕದಲ್ಲೇ ನೋಡಬಹುದು. ಈ ಗಾತ್ರದ ಪಂಪ್‌ಸೆಟ್ಟುಗಳಲ್ಲಿ ಹೆಸರಾಂತ ಮಾದರಿಯಾದ ಕಿರ್ಲೋಸ್ಕರ್ ಎ.ವಿ.1 ಎಂಜಿನ್ನಿನ ಬೋರ್ (ಸಿಲಿಂಡರಿನ ಒಳ ಅಗಲ) 80 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಸರಿಯುವ ಉದ್ದ) 110 ಮಿ.ಮೀ., ಪಿಸ್ಟನ್ ಒಂದು ಸಲ ಸರಿದಾಡುವ ಜಾಗ 553 ಘನ ಸೆಂಟಿಮೀಟರ್, ಕಂಪ್ರೆಷನ್ ಅನುಪಾತ (ಒಳಗಿನ ಗಾಳಿ ಎಷ್ಟು ಪಟ್ಟು ಕುಗ್ಗುತ್ತದೆ ಎಂಬ ಲೆಕ್ಕ) 16.5. ಅಂದರೆ ಪಿಸ್ಟನ್ ತುದಿಗೆ ಬಂದಾಗ ಮೇಲೆ ಉಳಿಯುವ ಒಟ್ಟು ಜಾಗ ಸುಮಾರು 36 ಘನ ಸೆಂಟಿಮೀಟರ್ ಮಾತ್ರ, ಅದರಲ್ಲಿ ಬಹುಪಾಲು ಪಿಸ್ಟನ್ ತಲೆಯಲ್ಲಿ ಕೊರೆದಿರುವ ಬಟ್ಟಲಿನೊಳಗೇ ಇರುತ್ತದೆ. ಬಟ್ಟಲಿನ ಸುತ್ತಲಿನ ಚಪ್ಪಟೆ ಅಂಚಿಗೂ ಹೆಡ್ಡಿಗೂ ನಡುವೆ ಇಂಥ ಸಣ್ಣ ಎಂಜಿನ್ನುಗಳಲ್ಲಿ ಉಳಿಯುವ ಸಂದು 1 ಮಿ.ಮೀ. ಆಸುಪಾಸು. ನಿಮ್ಮ ಹತ್ತನೇ ನಂಬರ್ ನಟ್ಟಿನ ದಪ್ಪ ಸುಮಾರು 5 ಮಿ.ಮೀ. ಎಂಜಿನ್ 1500 ಸುತ್ತಿನಲ್ಲಿ ಓಡುವಾಗ ಪಿಸ್ಟನ್ ಸೆಕೆಂಡಿಗೆ 25 ಸಲ ಮೇಲೆ ಬರುತ್ತದೆ. ಕಮ್ಮಾರನ ಅಡಿಗಲ್ಲಿಗೂ ಸುತ್ತಿಗೆಗೂ ನಡುವೆ ಇಟ್ಟಂತೆ ನಟ್ಟು ಅಲ್ಲಿ ಅಷ್ಟು ಸಲ ಏಟು ತಿನ್ನುತ್ತದೆ, ವ್ಯತ್ಯಾಸವೆಂದರೆ ಇಲ್ಲಿ ಸುತ್ತಿಗೆಯೇ ಮೆತ್ತಗಿನ ಅಲ್ಯೂಮಿನಿಯಂ ಆಗಿರುವುದರಿಂದ ಮೊದಲು ಕೆಡುವುದು ಅದು.

ಹೆಡ್ಡಿಗೆ ಕೈ ಹಾಕುವ ಮೊದಲು ನಟ್ಟು ನಿಜವಾಗಿ ಒಳಗಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಎಣ್ಣೆ ತುಂಬುವ ಬಗೆಯ ಏರ್ ಫಿಲ್ಟರ್ ಆಗಿದ್ದರೆ ಅದರ ಬಟ್ಟಲಿನ ತಳದ ಕೆಸರಿನಲ್ಲಿ ಬೆರಳಾಡಿಸಿ. ಕಳೆದುಹೋದ ನಟ್ಟುಗಳು ಅಲ್ಲಿ ಸಿಗುವುದುಂಟು. ಆಮೇಲೆ ಫಿಲ್ಟರಿನಿಂದ ಹೆಡ್ಡಿಗೆ ಹೋಗುವ ಇನ್‌ಲೆಟ್ ಕೊಳವೆಯನ್ನು ಪೂರ್ತಿ ಬಿಚ್ಚಿ, ಹೆಡ್ಡಿನ ಕಿಂಡಿಗೆ ಟಾರ್ಚ್ ಬಿಟ್ಟು, ಸಣ್ಣ ಕನ್ನಡಿ ಹಿಡಿದು ನೋಡಿ. ವಾಲ್ವ್ ಮುಚ್ಚಿದ್ದಾಗ ನಟ್ಟು ಬಿದ್ದಿದ್ದರೆ ಅದು ವಾಲ್ವಿನ ಬೆನ್ನ ಮೇಲೇ ಕುಳಿತಿರುತ್ತದೆ, ಉದ್ದ ಹಿಡಿಯ ಮ್ಯಾಗ್ನೆಟ್ಟಿಗೆ ಅಂಟಿಕೊಂಡು ಬರುತ್ತದೆ. ಆದರೆ ನಿಮ್ಮ ವಿಷಯದಲ್ಲಿ ಚಕ್ರವೇ ತಡೆದು ನಿಂತಿದೆ. ನಟ್ಟು ಒಂದೋ ಸಿಲಿಂಡರಿನೊಳಗಿದೆ, ಇಲ್ಲವೇ ವಾಲ್ವಿಗೂ ಅದರ ಸೀಟಿಗೂ ನಡುವೆ ಕಚ್ಚಿಕೊಂಡಿದೆ. ಎರಡನೆಯದಾಗಿದ್ದರೆ ವಾಲ್ವ್ ಪೂರ್ತಿ ಮುಚ್ಚಿರುವುದಿಲ್ಲ, ಆ ಕಡೆಯ ಟ್ಯಾಪೆಟ್ ಸಂದು (ವಾಲ್ವಿನ ಕಾಂಡಕ್ಕೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದು) ಇರಬೇಕಾದುದಕ್ಕಿಂತ ಬಹಳ ಹೆಚ್ಚಾಗಿ ಕಾಣುತ್ತದೆ.

ಹೆಡ್ ಬಿಚ್ಚದೆ, ಡೀಸೆಲ್ ಸಿಂಪಡಿಸುವ ನಾಜಲ್ಲಿನ ತೂತಿನಿಂದ ತೆಗೆಯಬಹುದಲ್ಲ ಎಂದು ಕೆಲವರು ಹೇಳಬಹುದು. ನಾಜಲ್ ತುದಿ ಸಿಲಿಂಡರಿನೊಳಗೆ ಇಣುಕುವ ಆ ತೂತು ನಿಮ್ಮ ನಟ್ಟು ಹಿಂದಿರುಗಿ ಬರುವಷ್ಟು ಅಗಲವಾಗಿರುವುದಿಲ್ಲ. ಮೊಬೈಲಿಗೆ ಸಿಕ್ಕಿಸುವ ತೆಳ್ಳನೆಯ ಕ್ಯಾಮೆರಾ ತೂರಿಸಿ ಒಳಗೇನಿದೆ ಎಂದು ನೋಡಲು ಮಾತ್ರ ಅದು ಒಳ್ಳೆಯ ದಾರಿ. ಕಂಪ್ರೆಸರಿನ ಗಾಳಿ ಬಿಟ್ಟು ಊದಿ ತೆಗೆಯುವ ಪ್ರಯತ್ನವಂತೂ ಬೇಡ. ಗಾಳಿಗೆ ಹಾರುವಂಥ ಚಿಕ್ಕ ಚೂರು ಪಿಸ್ಟನ್ನಿನ ಅಂಚಿನ ಸಂದಿಗೆ ಇಳಿದು ರಿಂಗಿನ ಮೇಲೆ ಕುಳಿತುಬಿಟ್ಟರೆ ಆಮೇಲೆ ಪಿಸ್ಟನ್ನನ್ನೇ ಹೊರಗೆಳೆಯಬೇಕಾಗುತ್ತದೆ, ಕಣ್ಣಿಗೆ ಸಿಡಿಯುವ ಅಪಾಯ ಬೇರೆ.

ಒಂದೇ ಸಿಲಿಂಡರಿನ ಎಂಜಿನ್ನಿನ ಹೆಡ್ ಇಳಿಸುವುದು ಅಷ್ಟೇನೂ ದೊಡ್ಡ ಕೆಲಸವಲ್ಲ. ಹೊರಗಿನ ಮಣ್ಣು, ಎಣ್ಣೆಜಿಡ್ಡು, ಅಡಿಕೆ ಸಿಪ್ಪೆಯ ನಾರನ್ನೆಲ್ಲ ಮೊದಲು ಡೀಸೆಲ್‌ನಿಂದ ತೊಳೆದು ಒರೆಸಿ. ಒಂದು ನಟ್ಟು ತೆಗೆಯಲು ಹೋಗಿ ಹತ್ತು ಹರಳು ಮಣ್ಣು ಒಳಗೆ ಬೀಳಿಸುವುದು ಬೇಡ. ತಣಿಸುವ ನೀರನ್ನು ಪೂರ್ತಿ ಬಸಿದ ಮೇಲೆಯೇ ಹೆಡ್ ಸಡಿಲಿಸಿ, ಇಲ್ಲದಿದ್ದರೆ ನೀರು ಸಿಲಿಂಡರಿಗೆ ಇಳಿಯುತ್ತದೆ. ಹೆಡ್ಡಿನ ನಟ್ಟುಗಳನ್ನು ಒಂದೊಂದಾಗಿ ಪೂರ್ತಿ ಬಿಚ್ಚದೆ, ಎದುರುಬದುರಿನವನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತ ಬನ್ನಿ. ಪುಷ್‌ರಾಡುಗಳಲ್ಲಿ ಯಾವುದು ಇನ್‌ಲೆಟ್, ಯಾವುದು ಎಕ್ಸಾಸ್ಟ್ ಎಂದು ಗುರುತು ಮಾಡಿಟ್ಟು, ಸಮತಟ್ಟಾದ ಗಾಜಿನ ಮೇಲೆ ಉರುಳಿಸಿ ನೋಡಿ, ಬಾಗಿದ್ದರೆ ಕುಣಿಯುತ್ತದೆ. ಸಿಲಿಂಡರಿನ ಒಳಗೋಡೆಯಾದ ಲೈನರ್ ಬಿಡಿಸಬಹುದಾದ ಬಗೆಯದಾಗಿದ್ದರೆ ಹೆಡ್ ಇಲ್ಲದಿರುವಾಗ ಚಕ್ರ ತಿರುಗಿಸಬಾರದು, ತಿರುಗಿಸಲೇಬೇಕಾದರೆ ಲೈನರನ್ನು ವಾಷರ್ ಇಟ್ಟು ಸ್ಟಡ್ಡಿಗೆ ಬಿಗಿದುಕೊಳ್ಳಬೇಕು. ಪಿಸ್ಟನ್ನಿನ ಎಳೆತಕ್ಕೆ ಲೈನರ್ ಜರುಗಿದರೆ ಕೆಳಗಿನ ರಬ್ಬರ್ ರಿಂಗಿನ ಹಿಡಿತ ತಪ್ಪಿ ನೀರು ಎಣ್ಣೆಯ ಕೋಣೆಗೆ ಸೋರುತ್ತದೆ.

ಹೆಡ್ ಎತ್ತಿದಾಗ ನಟ್ಟು ಪಿಸ್ಟನ್ನಿನ ಬಟ್ಟಲಿನಲ್ಲಿ ಆರಾಮಾಗಿ ಮಲಗಿರುವುದೂ ಉಂಟು. ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಒಳಗಿನ ಒತ್ತಡ ಬಿಡಿಸುವ ಡಿಕಂಪ್ರೆಷನ್ ಲಿವರ್ ಎತ್ತಿ ಕೈಯಿಂದ ಮೆಲ್ಲಗೆ ಚಕ್ರ ತಿರುಗಿಸಿದಾಗ ಎಲ್ಲಿಯೂ ತಡೆಯದಿದ್ದರೆ ‘ಒಳಗೇನೂ ಇಲ್ಲ’ ಎಂದು ತೀರ್ಮಾನಿಸುವವರಿದ್ದಾರೆ. ಬಟ್ಟಲಿಗೆ ಇಳಿದ ನಟ್ಟು ಕೈತಿರುಗಣೆಗೆ ಸಿಗುವುದಿಲ್ಲ. ಎಂಜಿನ್ ಓಡಲು ತೊಡಗಿ ಅದು ಪುಟಿದು ಅಂಚಿಗೆ ಬಂದಾಗಲೇ ಗೊತ್ತಾಗುವುದು.

ನಟ್ಟು ಸಿಕ್ಕ ಮೇಲೆ ಅದನ್ನು ಬಿಳಿ ಬಟ್ಟೆಯ ಮೇಲಿಟ್ಟು ಪೂರ್ತಿ ಇದೆಯೇ ನೋಡಿ. ಮೂಲೆಯೊಂದು ಮುರಿದಿದ್ದರೆ ಆ ಚೂರು ಸಿಗುವವರೆಗೆ ಹೆಡ್ ಮುಚ್ಚಬಾರದು: ಪಿಸ್ಟನ್ನಿನ ತಲೆಗೆ ಹೊಕ್ಕಿರಬಹುದು, ವಾಲ್ವ್ ಸೀಟಿನ ಅಂಚಿನಲ್ಲಿರಬಹುದು, ಎಕ್ಸಾಸ್ಟ್ ಕೊಳವೆಯಲ್ಲಿರಬಹುದು. ನೀವು ಹ್ಯಾಂಡಲಿನ ಹಂತದಲ್ಲೇ ನಿಲ್ಲಿಸಿದ್ದರಿಂದ ಪಿಸ್ಟನ್ನಿನ ಮೇಲೊಂದು ಅಚ್ಚು ಬಿದ್ದಿರುವುದಕ್ಕಿಂತ ಹೆಚ್ಚಿನ ಹಾನಿ ಬಹುಶಃ ಆಗಿರಲಾರದು. ಅಚ್ಚಿನ ಸುತ್ತ ಎದ್ದ ಚೂಪಾದ ಅಂಚನ್ನು ನಯವಾದ ಅರದಿಂದ ತಟ್ಟಾಗಿಸಿದರೆ ಸಾಕು; ಹಾಗೇ ಬಿಟ್ಟರೆ ಆ ಅಂಚು ಬೆಂಕಿಯಲ್ಲಿ ಕಾದು ಅಲ್ಲಿಂದಲೇ ಪಿಸ್ಟನ್ ಸುಡಲು ತೊಡಗುತ್ತದೆ. ಹೆಡ್ಡನ್ನು ತಲೆಕೆಳಗಾಗಿ ಹಿಡಿದು ವಾಲ್ವ್‌ಗಳ ಮೇಲೆ ಸೀಮೆಎಣ್ಣೆ ಸುರಿದು, ಕೆಲವು ನಿಮಿಷ ಬಿಟ್ಟು, ಕಿಂಡಿಗಳ ಒಳಗೆ ಒಸರಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ. ಒಸರಿದ್ದರೆ ವಾಲ್ವ್ ಬಿಚ್ಚಿ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಅರೆಯಬೇಕು, ಕಾಂಡ ಬಾಗಿದ್ದರೆ ಬದಲಿಸಬೇಕು; ಬಾಗಿದ ವಾಲ್ವನ್ನು ತಟ್ಟಿ ನೆಟ್ಟಗೆ ಮಾಡಿ ಹಾಕಿಕೊಡುವವರ ಮಾತಿಗೆ ಒಪ್ಪಬೇಡಿ.

ಮುಚ್ಚುವಾಗ ಹಳೆಯ ಗ್ಯಾಸ್ಕೆಟ್ಟನ್ನೇ ಮತ್ತೆ ಬಳಸಬಾರದು. ಹೊಸದನ್ನು ಹಾಕಿ, ಎಂಜಿನ್ನಿನ ಪುಸ್ತಕದಲ್ಲಿ ಕೊಟ್ಟ ಬಿಗಿತವನ್ನು ಟಾರ್ಕ್ ರೆಂಚಿನಿಂದ ಎದುರುಬದುರಾಗಿ ಮೂರು ಹಂತಗಳಲ್ಲಿ ತರಬೇಕು. ಗ್ಯಾಸ್ಕೆಟ್ಟಿನ ದಪ್ಪ ಬೇರೆಯಾದರೆ ಮೇಲೆ ಹೇಳಿದ ಆ 1 ಮಿ.ಮೀ. ಸಂದೂ ಬದಲಾಗುತ್ತದೆಯಾದ್ದರಿಂದ, ಪಿಸ್ಟನ್ನಿನ ಚಪ್ಪಟೆ ಅಂಚಿನ ಮೇಲೆ ಗ್ರೀಸಿನಿಂದ ಸೀಸದ ತಂತಿಯ ತುಂಡುಗಳನ್ನು ಅಂಟಿಸಿ, ಹೆಡ್ ಬಿಗಿದು, ಕೈಯಿಂದ ಒಂದು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿ, ಚಪ್ಪಟೆಯಾದ ತಂತಿಯನ್ನು ಮೈಕ್ರೋಮೀಟರಿನಲ್ಲಿ ಅಳೆಯುವ ಹಳೆಯ ಪದ್ಧತಿ ಇದೆ. ಇದಕ್ಕಾಗಿ ಎರಡು ಸಲ ಹೆಡ್ ಕೂರಿಸಬೇಕಾಗುತ್ತದೆಂದು ಹಲವರು ಬಿಟ್ಟುಬಿಡುತ್ತಾರೆ. ಬಿಡದಿರುವವರನ್ನು ಹುಡುಕಿಕೊಂಡು ಹೋಗಿ, ಮತ್ತು ಆ ಎರಡನೆಯ ಗ್ಯಾಸ್ಕೆಟ್ಟಿನ ಹಣಕ್ಕೆ ಚೌಕಾಸಿ ಮಾಡಬೇಡಿ. ಟ್ಯಾಪೆಟ್ ಸಂದು ಹೊಂದಿಸುವುದು, ಡೀಸೆಲ್ ಪೈಪಿನ ಗಾಳಿ ತೆಗೆಯುವುದು ನಿಮಗೆ ಗೊತ್ತಿರುವ ಕೆಲಸಗಳೇ.

ಪ್ರಶ್ನೆ: ನಮ್ಮ ಪವರ್ ಟಿಲ್ಲರ್ ಗದ್ದೆಯಲ್ಲಿ ಓಡುತ್ತಿದ್ದಾಗಲೇ ಒಳಗೆ ಟಣಟಣ ಸದ್ದು ಕೇಳಿಸಿತು. ಸಾಲು ಮುಗಿಸಿ ನಿಲ್ಲಿಸೋಣವೆಂದುಕೊಳ್ಳುವಷ್ಟರಲ್ಲಿ ಹೊಗೆ ಕಾರಿ ತಾನೇ ನಿಂತಿತು. ಹೆಡ್ ಬಿಚ್ಚಿದಾಗ ಏರ್ ಫಿಲ್ಟರಿನ ತಂತಿ ಬಲೆಯ ಚೂರುಗಳು ಸಿಕ್ಕವು. ಪಿಸ್ಟನ್ನಿನ ತಲೆ ಸಿಡುಬಿನ ಕಲೆಗಳಂತಾಗಿದೆ, ಲೈನರಿನಲ್ಲಿ ಗೆರೆಗಳಿವೆ. ಅಂಗಡಿಯವರು ಲೈನರ್, ಪಿಸ್ಟನ್, ವಾಲ್ವ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್ ಎಲ್ಲವನ್ನೂ ಬದಲಿಸಬೇಕೆಂದು ಪಟ್ಟಿ ಕೊಟ್ಟಿದ್ದಾರೆ. ಎಲ್ಲವೂ ಬೇಕೇ? (ಸೊರಬ ತಾಲ್ಲೂಕು)

ಉತ್ತರ: ಎಲ್ಲವೂ ಬೇಕಾಗಿರಲಾರದು, ಆದರೆ ಯಾವುದು ಬೇಡ ಎಂಬುದನ್ನು ಅಳತೆ ಹೇಳಬೇಕೇ ಹೊರತು ನಾನಾಗಲಿ ಅಂಗಡಿಯವರಾಗಲಿ ಅಂದಾಜಿನಲ್ಲಿ ಹೇಳಬಾರದು.

ಲೈನರಿನಿಂದ ಆರಂಭಿಸಿ. ಟಿಲ್ಲರುಗಳಲ್ಲಿ ಸಾಮಾನ್ಯವಾಗಿ ಸಿಲಿಂಡರ್ ಅಡ್ಡಡ್ಡ ಮಲಗಿರುತ್ತದೆ. ನಿಂತಿರುವ ಎಂಜಿನ್ನಿನಲ್ಲಿ ಚೂರು ಪಿಸ್ಟನ್ನಿನ ತಲೆಯ ಮೇಲೆ ಕುಳಿತರೆ, ಮಲಗಿರುವ ಎಂಜಿನ್ನಿನಲ್ಲಿ ಅದು ಲೈನರಿನ ಕೆಳಗೋಡೆಯ ಮೇಲೆ ಬಿದ್ದು ಪಿಸ್ಟನ್ ಹೋಗಿಬರುವ ದಾರಿಯಲ್ಲೇ ಎಳೆದಾಡಿಸಿಕೊಳ್ಳುತ್ತದೆ. ನಿಮ್ಮ ಲೈನರಿನ ಗೆರೆಗಳೂ ಕೆಳಭಾಗದಲ್ಲೇ ಹೆಚ್ಚಾಗಿರಬೇಕು, ನೋಡಿ. ಬೆರಳುಗುರನ್ನು ಗೆರೆಗೆ ಅಡ್ಡವಾಗಿ ಎಳೆಯಿರಿ. ಉಗುರು ಸಿಕ್ಕಿಕೊಂಡರೆ, ಅದೂ ರಿಂಗುಗಳು ಓಡಾಡುವ ಜಾಗದಲ್ಲಿ ಸಿಕ್ಕಿಕೊಂಡರೆ, ಲೈನರ್ ಬದಲಿಸುವುದೇ ಸರಿ. ಆ ಗೆರೆಯ ಮೂಲಕ ಒತ್ತಡ ಕೆಳಗೆ ಸೋರುತ್ತದೆ, ಎಣ್ಣೆ ಮೇಲೆ ಏರುತ್ತದೆ. ಕಣ್ಣಿಗೆ ಕಂಡರೂ ಉಗುರಿಗೆ ಸಿಗದ ಗೆರೆಗಳಿಗೆ ಹೋನಿಂಗ್ (ಸಾಣೆಕಲ್ಲಿನಿಂದ ಒಳಮೈ ಉಜ್ಜುವುದು) ಸಾಕು. ರಿಂಗು ತಲುಪದ ಮೇಲಂಚಿನಲ್ಲಿ ಪೆಟ್ಟಿನ ಗುರುತಿದ್ದರೆ ಅದು ನೋಡಲು ಕೆಟ್ಟದ್ದೇ ಹೊರತು ಕೆಲಸಕ್ಕೆ ಅಡ್ಡಿಯಲ್ಲ.

ನಿಮ್ಮ ಪಿಸ್ಟನ್ ಮಾತ್ರ ಉಳಿಯುವ ಹಾಗೆ ಕಾಣುವುದಿಲ್ಲ. ತಂತಿಯ ಉಕ್ಕಿನ ಚೂರುಗಳು ಅಲ್ಯೂಮಿನಿಯಮ್ಮಿನೊಳಗೆ ಹೊಕ್ಕು ಕುಳಿತಿರುತ್ತವೆ, ಒಂದೆರಡನ್ನು ಕಿತ್ತು ತೆಗೆಯಬಹುದು, ಉಳಿದವು ಮುಂದೊಂದು ದಿನ ಸಡಿಲಾಗಿ ಹೊಸ ಲೈನರನ್ನೂ ಗೀರುತ್ತವೆ. ತಲೆಯ ಅಂಚು ಜಜ್ಜಿ ಮೊದಲ ರಿಂಗು ಕೂರುವ ತೋಡು ಕಿರಿದಾಗಿದ್ದರೆ ರಿಂಗು ಬೆರಳಿಗೆ ಸುಲಭವಾಗಿ ಸುತ್ತುವುದಿಲ್ಲ. ಹಾಗಾಗಿದ್ದರೆ ಬೇರೆ ವಿಚಾರವೇ ಬೇಡ. ಹೊಸ ರಿಂಗುಗಳನ್ನು ಹಾಕುವ ಮೊದಲು ಒಂದೊಂದನ್ನೂ ಬರಿಯ ಲೈನರಿನೊಳಗೆ ಪಿಸ್ಟನ್ನಿನಿಂದ ನೆಟ್ಟಗೆ ತಳ್ಳಿ, ಬಾಯಿಯ ಸಂದನ್ನು ಫೀಲರ್ ಗೇಜಿನಿಂದ ಅಳೆಯಿಸಿ. ಪುಸ್ತಕ ಕೈಯಲ್ಲಿಲ್ಲದಾಗ ಬೋರಿನ ಪ್ರತಿ 100 ಮಿ.ಮೀ.ಗೆ 0.3ರಿಂದ 0.4 ಮಿ.ಮೀ. ಎಂಬ ಲೆಕ್ಕವನ್ನು ಹಿಡಿಯುವ ರೂಢಿಯಿದೆ. ಸಂದು ಇಲ್ಲದೆ ಬಾಯಿ ಕೂಡಿಕೊಂಡಿದ್ದರೆ ರಿಂಗು ಬಿಸಿಗೆ ಹಿಗ್ಗಿದಾಗ ಜಾಗವಿಲ್ಲದೆ ಲೈನರಿಗೆ ಕಚ್ಚಿ ಎಂಜಿನ್ ಸೀಜ್ ಆಗುತ್ತದೆ.

ಹೆಡ್ಡಿನಲ್ಲಿ ಎರಡು ವಾಲ್ವ್‌ಗಳ ನಡುವಿನ ಸೇತುವೆಯಂಥ ಭಾಗವನ್ನು ಚೆನ್ನಾಗಿ ಉಜ್ಜಿ ನೋಡಿಸಿ, ಬಿರುಕು ಬಿಡುವುದು ಅಲ್ಲಿಯೇ. ಸೀಮೆಎಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟು, ಒಣಗಿದ ಬಟ್ಟೆಯಿಂದ ಒರೆಸಿ, ಸುಣ್ಣದ ಕಡ್ಡಿಯ ಪುಡಿ ಬಳಿದರೆ ಬಿರುಕಿದ್ದಲ್ಲಿ ಒದ್ದೆಯ ಗೆರೆ ಮೂಡುತ್ತದೆ. ನಾಜಲ್ಲಿನ ತುದಿ ಬಟ್ಟಲಿನ ಕಡೆಗೆ ಚಾಚಿಕೊಂಡಿರುವುದರಿಂದ ಅದಕ್ಕೂ ಏಟು ಬಿದ್ದಿರುವ ಸಂಭವ ಹೆಚ್ಚು. ನಾಜಲ್ ಪರೀಕ್ಷೆಯ ಅಂಗಡಿಯಲ್ಲಿ ಕೂರಿಸಿ ಒತ್ತಡವನ್ನೂ ಸಿಂಪಡಣೆಯನ್ನೂ ನೋಡಿಸಿ. ನೇರವಾಗಿ ಸಿಲಿಂಡರಿಗೆ ಸಿಂಪಡಿಸುವ ಎಂಜಿನ್ನುಗಳಲ್ಲಿ ನಾಜಲ್ ತೆರೆಯುವ ಒತ್ತಡ ಸುಮಾರು 200 ಬಾರ್. ಪರೀಕ್ಷೆಯ ಹೊತ್ತಿನಲ್ಲಿ ಸಿಂಪಡಣೆಗೆ ಕೈಯೊಡ್ಡಿದರೆ ಡೀಸೆಲ್ ಚರ್ಮವನ್ನು ತೂರಿಕೊಂಡು ಹೋಗುತ್ತದೆ, ಅದು ಆಸ್ಪತ್ರೆಗೆ ಓಡಬೇಕಾದ ಗಾಯ.

ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್, ಕ್ರ್ಯಾಂಕ್ ಎರಡನ್ನೂ ಬದಲಿಸಬೇಕೆನ್ನುವುದಕ್ಕೆ ನೀವು ಬರೆದ ಲಕ್ಷಣಗಳಲ್ಲಿ ಆಧಾರವಿಲ್ಲ. ತೆಳ್ಳನೆಯ ತಂತಿಯ ಚೂರುಗಳು ಪಿಸ್ಟನ್ನನ್ನು ತಿನ್ನುತ್ತವೆ, ರಾಡನ್ನು ಬಾಗಿಸುವಷ್ಟು ಎದುರು ನಿಲ್ಲುವುದಿಲ್ಲ. ಹಾಗಿದ್ದರೂ ಪಿಸ್ಟನ್ ಹೊರಬಂದಿರುವಾಗ ರಾಡಿನ ನೇರವನ್ನು ಲೇತಿನವರಲ್ಲಿ ನೋಡಿಸಿ, ಬಿಗ್ ಎಂಡಿನ (ರಾಡಿನ ಕ್ರ್ಯಾಂಕ್ ಕಡೆಯ ತುದಿಯ) ಬೇರಿಂಗ್ ಬಿಲ್ಲೆಗಳನ್ನು ಬಿಚ್ಚಿ ನೋಡಿ. ಮೇಲಿನ ಬಿಲ್ಲೆ ಒಂದೇ ಕಡೆ ಹೊಳೆಯುವಂತೆ ಬಡಿಸಿಕೊಂಡಿದ್ದರೆ ಬಿಲ್ಲೆ ಬದಲಿಸಿ. ಕ್ರ್ಯಾಂಕಿನ ಮೇಲೆ ಗೀರು ಇಲ್ಲದಿದ್ದರೆ ಅದನ್ನು ಮುಟ್ಟುವುದೇ ಬೇಡ. ಪಟ್ಟಿಯ ಪ್ರತಿ ಸಾಮಾನಿನ ಎದುರು ಅಳತೆಯನ್ನು ಬರೆದುಕೊಡಿ ಎಂದು ಕೇಳುವ ಹಕ್ಕು ನಿಮಗಿದೆ.

ಈ ನಡುವೆ ಪಟ್ಟಿಯಲ್ಲಿ ಇಲ್ಲದ ಎರಡು ಕೆಲಸಗಳಿವೆ. ಎಣ್ಣೆಯ ಕೋಣೆಯನ್ನು ಬಸಿದು, ಮ್ಯಾಗ್ನೆಟ್ ಆಡಿಸಿ, ತೊಳೆದು ಹೊಸ ಎಣ್ಣೆ ಮತ್ತು ಹೊಸ ಫಿಲ್ಟರ್ ಹಾಕಬೇಕು. ಏರ್ ಫಿಲ್ಟರಿನ ಬಲೆಯಲ್ಲಿ ಉಳಿದಿರುವ ತುಕ್ಕು ತಂತಿಯನ್ನು, ಅಲ್ಲಿಂದ ಹೆಡ್ಡಿನವರೆಗಿನ ಕೊಳವೆಯನ್ನು ಪೂರ್ತಿ ಚೊಕ್ಕ ಮಾಡದೆ ಹೊಸ ಪಿಸ್ಟನ್ ಹಾಕಿದರೆ ಚಾಲೂ ಮಾಡಿದ ಮೊದಲ ನಿಮಿಷದಲ್ಲೇ ಉಳಿದ ಚೂರುಗಳು ಒಳಗೆ ಹೋಗುತ್ತವೆ. ಹಳೆಯ ಫಿಲ್ಟರ್ ಡಬ್ಬಿಯನ್ನು ಎಸೆಯಿರಿ. ಇಡೀ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಬರಬೇಕಾಗಿದ್ದ ಸಾಮಾನು ಅದು.

ಪ್ರಶ್ನೆ: ನಮ್ಮ ಹಳೆಯ ಜೀಪಿನ ಡೀಸೆಲ್ ಎಂಜಿನ್ನಿಗೆ ಚಳಿಯಲ್ಲಿ ಒಳಗನ್ನು ಬಿಸಿಮಾಡುವ ಹೀಟರ್ ಪ್ಲಗ್ ಇದೆ. ಚಳಿಗಾಲದ ಬೆಳಿಗ್ಗೆ ಚಾಲೂ ಆಗುವುದು ಕಷ್ಟವಾಗಿ ಪ್ಲಗ್ಗುಗಳನ್ನು ಬಿಚ್ಚಿಸಿದಾಗ ಒಂದರ ತುದಿ ಮುರಿದು ಒಳಗೇ ಉಳಿಯಿತು. ಇದಕ್ಕೂ ಹೆಡ್ ಇಳಿಸಬೇಕೇ? ನಾಲ್ಕು ಸಿಲಿಂಡರಿನ ಹೆಡ್ ಇಳಿಸುವುದೆಂದರೆ ಖರ್ಚು ಕೈಕಚ್ಚುತ್ತದೆ. (ಹೊಸನಗರ)

ಉತ್ತರ: ನಿಮಗೆ ಸ್ವಲ್ಪ ಸಮಾಧಾನದ ಉತ್ತರವಿದೆ. ಹೀಟರ್ ಪ್ಲಗ್ ಇರುವ ಆ ಕಾಲದ ಜೀಪ್ ಎಂಜಿನ್ನುಗಳಲ್ಲಿ ಡೀಸೆಲ್ ನೇರವಾಗಿ ಸಿಲಿಂಡರಿಗೆ ಬೀಳದೆ ಹೆಡ್ಡಿನೊಳಗಿನ ಪುಟ್ಟ ಕೋಣೆಯೊಂದಕ್ಕೆ ಬೀಳುತ್ತದೆ. ಪ್ಲಗ್ಗಿನ ತುದಿಯೂ ಆ ಕೋಣೆಯಲ್ಲೇ ಇರುತ್ತದೆ. ಅಲ್ಲಿಂದ ಸಿಲಿಂಡರಿಗೆ ಹೋಗುವ ಗಂಟಲು ಕಿರಿದಾಗಿರುವುದರಿಂದ ಮುರಿದ ತುದಿ ಕೋಣೆಯಲ್ಲೇ ಉಳಿದಿರುವ ಸಾಧ್ಯತೆಯೇ ಹೆಚ್ಚು. ಮುಖ್ಯವಾದ ಮಾತೆಂದರೆ ಸೆಲ್ಫ್ ಹೊಡೆಯಬಾರದು. ಯಾರಾದರೂ ಮರೆತು ಕೀಲಿ ತಿರುಗಿಸದಿರಲೆಂದು ಬ್ಯಾಟರಿಯ ತಂತಿಯನ್ನೇ ಬಿಚ್ಚಿಡಿ.

ಆ ಸಿಲಿಂಡರಿನ ನಾಜಲ್ ಬಿಚ್ಚಿ, ಅದರ ಅಡಿಯ ತಾಮ್ರದ ವಾಷರನ್ನು ಕೊಂಡಿಯಿಂದ ಎತ್ತಿ ತೆಗೆದು, ಕ್ಯಾಮೆರಾ ಬಿಟ್ಟು ನೋಡಿಸಿ. ತುದಿ ಕಂಡರೆ ತೆಳ್ಳನೆಯ ಪ್ಲಾಸ್ಟಿಕ್ ನಳಿಗೆಯನ್ನು ವ್ಯಾಕ್ಯೂಮ್ ಕ್ಲೀನರಿಗೆ ಟೇಪಿನಿಂದ ಜೋಡಿಸಿ ಹೀರಿಸಬಹುದು, ಅಥವಾ ಗಟ್ಟಿ ಗ್ರೀಸ್ ಹಚ್ಚಿದ ತಂತಿಗೆ ಅಂಟಿಸಿಕೊಂಡು ಎಳೆಯಬಹುದು. ಪ್ಲಗ್ಗಿನ ಹೊರಕವಚ ಮ್ಯಾಗ್ನೆಟ್ಟಿಗೆ ಹಿಡಿಯದ ಲೋಹದ್ದಾಗಿರಬಹುದಾದ್ದರಿಂದ ಮ್ಯಾಗ್ನೆಟ್ ಬರಿಗೈಯಲ್ಲಿ ಬಂದರೆ ಒಳಗೇನೂ ಇಲ್ಲವೆಂದು ತಿಳಿಯಬೇಡಿ. ಸಿಕ್ಕ ತುಂಡನ್ನು ಮುರಿದ ಪ್ಲಗ್ಗಿಗೆ ಜೋಡಿಸಿ, ಪಕ್ಕದಲ್ಲಿ ಇಡಿಯ ಪ್ಲಗ್ಗನ್ನಿಟ್ಟು ಉದ್ದ ಸರಿಹೊಂದುತ್ತದೆಯೇ ನೋಡಿ. ಸರಿಹೊಂದಿದರೆ ಹೆಡ್ ಇಳಿಸುವ ಖರ್ಚು ಉಳಿಯಿತು. ಒಂದು ಚೂರು ಕಡಿಮೆ ಬಿದ್ದು, ಕ್ಯಾಮೆರಾಕ್ಕೂ ಕಾಣದಿದ್ದರೆ ಮಾತ್ರ ಹೆಡ್ ಇಳಿಸಲೇಬೇಕು.

ತುದಿ ಊದಿಕೊಂಡದ್ದರಿಂದ ಪ್ಲಗ್ಗು ತೂತಿನಲ್ಲಿ ಸಿಕ್ಕಿ ಮುರಿದಿರಬಹುದು, ಹಾಗಾಗಿ ನಾಜಲ್ಲಿನ ಸಿಂಪಡಣೆಯನ್ನೂ ಪ್ಲಗ್ಗಿಗೆ ಕರೆಂಟು ಹೆಚ್ಚು ಹೊತ್ತು ಹೋಗುತ್ತಿದೆಯೇ ಎಂಬುದನ್ನೂ ನೋಡಿಸುವುದು ಒಳ್ಳೆಯದು. ನಾಜಲ್ ಮತ್ತೆ ಕೂರಿಸುವಾಗ ಹೊಸ ತಾಮ್ರದ ವಾಷರ್ ಒಂದನ್ನೇ ಹಾಕಬೇಕು. ಹಳೆಯದು ತಳದಲ್ಲಿ ಅಂಟಿಕೊಂಡಿರುವುದನ್ನು ಕಾಣದೆ ಅದರ ಮೇಲೆ ಇನ್ನೊಂದನ್ನು ಹಾಕುವುದು ಸಾಮಾನ್ಯ. ಆಗ ನಾಜಲ್ ಎತ್ತರದಲ್ಲಿ ಕುಳಿತು ಡೀಸೆಲ್ ಬೀಳಬೇಕಾದಲ್ಲಿ ಬೀಳುವುದಿಲ್ಲ.

ಪ್ರಶ್ನೆ: ಮಳೆಗಾಲವಿಡೀ ತೋಟದ ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತಿದ್ದ ಡೀಸೆಲ್ ಪಂಪ್‌ಸೆಟ್ಟಿನ ಸೈಲೆನ್ಸರಿನ ಬಾಯಿಯಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿದೆ. ಕಡ್ಡಿಯಿಂದ ಚುಚ್ಚಿದಾಗ ಸ್ವಲ್ಪ ಮಣ್ಣು ಒಳಗೆ ಬಿತ್ತು. ಹ್ಯಾಂಡಲ್ ಹಾಕಿದರೆ ಅರ್ಧ ಸುತ್ತಿಗೆ ಗಟ್ಟಿಯಾಗಿ ನಿಲ್ಲುತ್ತದೆ. (ಆಗುಂಬೆ)

ಉತ್ತರ: ಮಣ್ಣಿಗಿಂತ ನೀರಿನ ಮೇಲೆ ನನ್ನ ಅನುಮಾನ. ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ನಿಮ್ಮೂರಿನಲ್ಲಿ ಮೇಲ್ಮುಖವಾಗಿ ನಿಂತ ಸೈಲೆನ್ಸರಿಗೆ ಮಾಡಿನಿಂದ ಸೋರಿದ ನೀರು ಇಳಿದಿರುವುದು, ಎಂಜಿನ್ ನಿಂತ ಹೊತ್ತಿನಲ್ಲಿ ಎಕ್ಸಾಸ್ಟ್ ವಾಲ್ವ್ ತುಸು ತೆರೆದಿದ್ದರೆ ಸಿಲಿಂಡರನ್ನೇ ಸೇರಿರುವುದು ತೀರಾ ಸಾಧ್ಯ. ಗಾಳಿಯಂತೆ ನೀರು ಒತ್ತಿದರೆ ಕುಗ್ಗುವುದಿಲ್ಲ. ಮೇಲೆ ಹೇಳಿದ 5 ಎಚ್.ಪಿ. ಎಂಜಿನ್ನಿನ ಲೆಕ್ಕವನ್ನೇ ಹಿಡಿದರೆ 36 ಮಿ.ಲೀ.ಗಿಂತ, ಅಂದರೆ ಕಾಫಿ ಲೋಟದ ಕಾಲು ಭಾಗಕ್ಕಿಂತ ಹೆಚ್ಚು ನೀರು ಪಿಸ್ಟನ್ನಿನ ಮೇಲಿದ್ದರೆ ವಾಲ್ವ್‌ಗಳು ಮುಚ್ಚಿದ ಮೇಲೆ ಪಿಸ್ಟನ್ ತುದಿ ಮುಟ್ಟಲಾರದು. ಇಬ್ಬರು ಸೇರಿ ಬಲವಂತವಾಗಿ ಹ್ಯಾಂಡಲ್ ಎಳೆದರೆ, ಇಲ್ಲವೇ ಟ್ರ್ಯಾಕ್ಟರಿನ ಬೆಲ್ಟಿಗೆ ಕಟ್ಟಿ ತಿರುಗಿಸಿದರೆ ಬಾಗುವುದು ಕನೆಕ್ಟಿಂಗ್ ರಾಡ್.

ನಾಜಲ್ ಬಿಚ್ಚಿ. ಸೈಲೆನ್ಸರನ್ನು ಹೆಡ್ಡಿನ ಬುಡದಿಂದಲೇ ಕಳಚಿ ಬೇರೆ ಕಡೆ ಬಡಿದು ಮಣ್ಣು ಉದುರಿಸಿ. ಎಕ್ಸಾಸ್ಟ್ ಕಿಂಡಿಯಲ್ಲಿ ಮಣ್ಣಿನ ಪುಡಿ ಇದ್ದರೆ ಚಕ್ರ ತಿರುಗಿಸುವ ಮೊದಲೇ ಹೀರಿಸಿ, ಎಣ್ಣೆ ಸವರಿದ ಬಟ್ಟೆಯಿಂದ ಒರೆಸಿ ತೆಗೆಯಿರಿ. ಮಣ್ಣಿನಲ್ಲಿರುವ ಮರಳಿನ ಹರಳು ಲೈನರಿನ ಬೀಡುಕಬ್ಬಿಣಕ್ಕಿಂತ ಗಟ್ಟಿ. ಆಮೇಲೆ ಮುಖವನ್ನು ದೂರವಿಟ್ಟು ಚಕ್ರವನ್ನು ಕೈಯಿಂದ ನಿಧಾನಕ್ಕೆ ತಿರುಗಿಸಿದರೆ ನಾಜಲ್ ತೂತಿನಿಂದ ನೀರು ಚಿಮ್ಮುತ್ತದೆ. ಪೂರ್ತಿ ಬಂದ ಮೇಲೆ ಅದೇ ತೂತಿಗೆ ಒಂದೆರಡು ಚಮಚ ಎಂಜಿನ್ ಎಣ್ಣೆ ಬಿಟ್ಟು ಹತ್ತಾರು ಸುತ್ತು ತಿರುಗಿಸಿ. ತುಕ್ಕಿಗೆ ರಿಂಗು ಕಚ್ಚಿಕೊಂಡು ಚಕ್ರ ಅಲ್ಲಾಡದೇ ಇದ್ದರೆ ಡೀಸೆಲ್ ಮತ್ತು ಎಣ್ಣೆಯ ಮಿಶ್ರಣ ಬಿಟ್ಟು ಒಂದು ರಾತ್ರಿ ನೆನೆಯಲು ಬಿಡಿ.

ಅಳತೆ ಕಡ್ಡಿಯಲ್ಲಿ ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ನೀರು ರಿಂಗು ದಾಟಿ ಕೆಳಗೂ ಇಳಿದಿದೆ ಎಂದರ್ಥ. ಆ ಎಣ್ಣೆಯನ್ನು ಬಸಿದು ಹೊಸದು ತುಂಬಿ, ಹತ್ತು ನಿಮಿಷ ಭಾರವಿಲ್ಲದೆ ಓಡಿಸಿ, ಅದನ್ನೂ ಒಮ್ಮೆ ಬಸಿದು ಬದಲಿಸಿದ ಮೇಲೆಯೇ ಪಂಪಿಗೆ ಬೆಲ್ಟ್ ಹಾಕಿ.